ಹಸುರು ಬೇಲಿಯನ್ನು ಎಷ್ಟು ಸಾರಿ ಸವರಬೇಕು?

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಹೆಣ್ಣುಮಕ್ಕಳ ಮುಂದಿನ ವಿದ್ಯೆ ಮೊದಲಾದ ವಿಷಯಗಳನ್ನು ಕುರಿತಿರುವದು ವಾಡಿಕೆ. ಈ ಸಾರಿ ನಾವು ತೋಟದ ಬೇಲಿಯನ್ನು ವಿಷಯವಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕಳೆದ ವರುಷದ ಪೋಷಕರ ಸಭೆಗಳಲ್ಲಿ ಪಾಠಪ್ರವಚನಗಳಿಗಿಂತಲೂ ಹೆಚ್ಚಾಗಿ ಚರ್ಚೆಗೆ ಬಂದದ್ದು ನಮ್ಮ ಶಾಲೆಯ ಬೇಲಿಯೇ. ಅದನ್ನು ಹದಿನೈದು ದಿವಸಕ್ಕೊಮ್ಮೆ ಸವರಿಸಿ ಮೇಜಿನಂತೆ ಸಮಮಾಡಿಸಬೇಕೆಂಬವರು ಕೆಲವರು. ಸವರಲೇ ಬಾರದು, ಎಂಟು ಅಡಿ ಬೆಳೆಯಬಿಟ್ಟು ಹುಡುಗಿಯರನ್ನು ಬೀದಿಯವರ ಕಣ್ಣಿಗೆ ಬೀಳದಂತೆ ಮರೆಮಾಡಬೇಕೆಂಬವರು ಕೆಲವರು. ಬೇಲಿಯನ್ನೇ ಕಿತ್ತು ಕಲ್ಲಿನ ಗೋಡೆ ಕಟ್ಟಿಸಿಬಿಡಿರಿ, ಈ ತಾಪತ್ರಯವೇ ಬೇಡವೆಂಬವರು ಮತ್ತೆ ಕೆಲವರು. ಮೂರು ಪಕ್ಷದವರೂ ಶಾಲೆಯ ಹಿತವನ್ನು ಬಯಸಿಯೇ ಮಾತಾಡಿದ್ದಾರೆ. ಆದಕಾರಣ ಮೂವರಿಗೂ ಒಂದೇ ಕಡೆಯಲ್ಲಿ ಉತ್ತರ ಕೊಡುವದು ನ್ಯಾಯವೆಂದು ನಮಗೆ ತೋರಿತು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬೇರೂರಿ ನಿಂತ ಬೇಲಿಯನ್ನು ನಮ್ಮ ಕರಾವಳಿಯಲ್ಲಿ ವರುಷಕ್ಕೆ ಮೂರು ಸಾರಿ ಸವರಿದರೆ ಸಾಕು. ಅದೂ ಗೋಡೆಯ ಮೇಲಿನ ಪಂಚಾಂಗವನ್ನಲ್ಲ, ಗಿಡವನ್ನೂ ಮಳೆಯನ್ನೂ ನೋಡಿ ಸವರಬೇಕು. ಬೀದಿಯ ಮಗ್ಗುಲಲ್ಲಿ ಅದರ ಎತ್ತರವು ನಾಲ್ಕು ಅಡಿಗಳನ್ನು ಮೀರಬಾರದು. ಹೀಗೆ ಯಾಕೆ ಎಣಿಸುತ್ತೇವೆಂಬದನ್ನು ಮುಂದೆ ವಿವರಿಸುವೆವು.

ಸವರಿದರೆ ಗಿಡವು ಒತ್ತಾಗಿ ಬೆಳೆಯುವದೆಂಬದನ್ನು ಎಲ್ಲರೂ ಬಲ್ಲರು. ಹಾಗಾಗುವದು ಯಾಕೆಂದು ಕೇಳಿದರೆ ನಮ್ಮ ಮಕ್ಕಳಲ್ಲಿ ಹಲವರು ಸುಮ್ಮನಿರುವರು. ಪ್ರತಿಯೊಂದು ಕೊಂಬೆಯ ತುದಿಯಲ್ಲಿ ಒಂದು ಕುಡಿಯುಂಟು. ಕೆಳಗೆ ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದೊಂದು ಸಣ್ಣ ಮೊಗ್ಗು ನಿದ್ರೆಯಲ್ಲಿರುವದು. ತುದಿಯ ಕುಡಿಯು ಇರುವ ತನಕ ಕೆಳಗಿನವುಗಳು ಏಳವು. ಕುಡಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸವೇ ಅವುಗಳನ್ನು ತಡೆಯುತ್ತದೆಂಬದನ್ನು ಥೀಮನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ೧೯೩೩ರಲ್ಲಿ ತೋರಿಸಿಕೊಟ್ಟರು. ಅವರು ದ್ವಿದಳ ಧಾನ್ಯದ ಗಿಡವೊಂದರ ಕುಡಿಯನ್ನು ಚಿವುಟಿ, ಚಿವುಟಿದ ಜಾಗದಲ್ಲಿ ಆ ರಸವನ್ನಿಟ್ಟರು. ಕುಡಿಯು ಹೋದರೂ ಕೆಳಗಿನ ಮೊಗ್ಗುಗಳು ನಿದ್ರೆಯಲ್ಲಿಯೇ ಉಳಿದವು. ಈ ಕೆಲಸದಲ್ಲಿ ಸ್ಟ್ರೈಗೋಲ್ಯಾಕ್ಟೋನ್ ಎಂಬ ಮತ್ತೊಂದು ರಸಕ್ಕೂ ಪಾಲಿದೆಯೆಂಬದು ೨೦೦೮ರಲ್ಲಿ ತಿಳಿದುಬಂತು. ಕತ್ತರಿಯು ಕುಡಿಯನ್ನು ತೆಗೆಯುತ್ತಲೇ ಕೆಳಗಿನ ಎರಡು ಮೂರು ಮೊಗ್ಗುಗಳು ಎಚ್ಚತ್ತು, ಒಂದಿದ್ದ ಕೊಂಬೆಯು ಮೂರಾಗುವದು. ಬೇಲಿಯು ತುಂಬಿಕೊಳ್ಳುವದು ಈ ರೀತಿಯಿಂದಲೇ.

ಆದರೆ ಈ ಮೂರು ಚಿಗುರುಗಳನ್ನು ಹೊರಡಿಸಲಿಕ್ಕೆ ಗಿಡವು ತನ್ನ ಕಣಜದಿಂದ ಖರ್ಚು ಮಾಡಬೇಕಾಗುತ್ತದೆ. ಎಳೆ ಎಲೆಯು ಬಲಿತು ಬಿಸಿಲುಂಡು, ಪಡೆದ ಸಾಲವನ್ನು ಬೇರಿಗೆ ಹಿಂದೆ ಕೊಡುವ ಮೊದಲೇ ನಾವು ಅದನ್ನು ಕತ್ತರಿಸಿ ಬಿಸಾಡಿದರೆ ಆ ಸಾಲವು ತೀರಲೇ ಇಲ್ಲ. ಹದಿನೈದು ದಿವಸಕ್ಕೊಮ್ಮೆ ಸವರುವ ಬೇಲಿಯಲ್ಲಿ ನಡೆಯುವದು ಇದೇ. ಮೊದಲ ವರುಷ ಅದು ಬಹು ಚೆಂದವಾಗಿ ಕಾಣುವದು. ಮೂರು ನಾಲ್ಕು ವರುಷಗಳಲ್ಲಿ ಮೇಲೆ ಅಂಗೈ ದಪ್ಪದ ಹಸುರು ಚಾಪೆ, ಕೆಳಗೆ ಬರೀ ಕಡ್ಡಿ. ನಡುನಡುವೆ ಒಣಗಿದ ಗಿಡಗಳ ಕಂಡಿ. ಆ ಕಂಡಿಯಲ್ಲಿ ಮೊದಲು ಬೀದಿನಾಯಿ, ಬಳಿಕ ಆಡು, ಕಡೆಗೆ ಯಾರು ಬೇಕಾದರೂ ನುಸುಳಬಹುದು. ಬೇಲಿಯನ್ನು ಹಾಕಿದ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಹಾಗಾದರೆ ಪದೇ ಪದೇ ಸವರುವ ಕಾಲವೇ ಇಲ್ಲವೋ ಎಂದರೆ, ಉಂಟು; ಅದು ಬೇಲಿಯ ಬಾಲ್ಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮಳೆಗಾಲದ ಆರಂಭದಲ್ಲಿ ನೆಟ್ಟ ಗಿಡವು ಬೇರು ಹಿಡಿಯುತ್ತಲೇ ಅದನ್ನು ನೆಲದಿಂದ ಒಂದು ಗೇಣಿಗೆ ಧೈರ್ಯವಾಗಿ ಕತ್ತರಿಸಬೇಕು. ಚಿಗುರು ಮತ್ತೆ ಅರ್ಧ ಅಡಿ ಬಂದಾಗ ಅದರಲ್ಲಿ ಅರ್ಧವನ್ನು ತೆಗೆಯಬೇಕು. ಎರಡು ವರುಷಗಳ ತನಕ, ಮಳೆಯಿರುವ ತಿಂಗಳುಗಳಲ್ಲಿ ಹೀಗೆಯೇ ನಡಿಸಬೇಕು. ಹೊಸದಾಗಿ ಮನೆ ಕಟ್ಟಿಸಿಕೊಂಡ ನಮ್ಮ ಹಳೆವಿದ್ಯಾರ್ಥಿನಿಯರು, ಬೇಲಿ ಬೇಗನೆ ಎತ್ತರಕ್ಕೆ ಬರಲೆಂಬ ಆಸೆಯಿಂದ ಮೊದಲ ಎರಡು ವರುಷ ಕತ್ತರಿಯನ್ನೇ ಮುಟ್ಟದೆ, ಮೂರನೆಯ ವರುಷ ಬುಡವು ಬೋಳಾಯಿತೆಂದು ನಮ್ಮನ್ನು ಕೇಳುವದುಂಟು. ಬುಡವನ್ನು ಹೊದಿಸುವ ಕೊಂಬೆಗಳು ಹುಟ್ಟುವದು ಬಾಲ್ಯದಲ್ಲಿಯೇ. ಆಗ ತಪ್ಪಿದರೆ ಅವುಗಳನ್ನು ತರಿಸುವದು ಬಹಳ ಕಷ್ಟ.

ಎಷ್ಟು ಸಾರಿ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಯಾವ ಆಕಾರಕ್ಕೆ ಎಂಬದು. ಬೇಲಿಯ ಬುಡವು ಅಗಲವಾಗಿಯೂ ತಲೆಯು ಕಿರಿದಾಗಿಯೂ ಇರಬೇಕು. ಬುಡದಲ್ಲಿ ಎರಡೂವರೆ ಅಡಿಯಿದ್ದರೆ ತಲೆಯಲ್ಲಿ ಒಂದೂವರೆ ಅಡಿ ಸಾಕು. ಹೀಗಿದ್ದರೆ ಕೆಳಗಿನ ಎಲೆಗಳಿಗೂ ಬಿಸಿಲು ತಾಗುವದು. ಕತ್ತರಿ ಹಿಡಿದವನ ಕೈಗೆ ಬುಡಕ್ಕಿಂತ ನಡು ಸುಲಭವಾಗಿ ಸಿಕ್ಕುವದರಿಂದ ಹೆಚ್ಚಿನ ಬೇಲಿಗಳು ತಲೆಕೆಳಗಾದ ಆಕಾರವನ್ನು ಪಡೆಯುತ್ತವೆ. ತಲೆಯು ಕೊಡೆಯಂತೆ ಹರಡಿ ತನ್ನ ಬುಡವನ್ನು ತಾನೇ ನೆರಳಿನಲ್ಲಿಟ್ಟು ಕೊಲ್ಲುವದು. ವರುಷಕ್ಕೆ ಮೂರೇ ಸಾರಿ ಸವರಿದರೂ ಆಕಾರವು ಸರಿಯಿದ್ದರೆ ಬೇಲಿಯು ಅಂದವಾಗಿಯೇ ತೋರುವದು. ಇನ್ನೊಂದು ಮಾತು: ಒಂದೇ ಸಾರಿಗೆ ಗಿಡದ ಹಸುರಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ತೆಗೆಯಬಾರದು.

ಇನ್ನು ಕಾಲದ ವಿಚಾರ. ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳು ಮೇ ತಿಂಗಳಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಬೇಲಿಯನ್ನು ಸವರಬೇಕೆಂದು ಹೇಳುವವು. ಆ ದೇಶದಲ್ಲಿ ಅದು ಸರಿಯೇ. ಅಲ್ಲಿ ಗಿಡವು ಚಳಿಗಾಲದಲ್ಲಿ ಮಲಗಿ ವಸಂತದಲ್ಲಿ ಏಳುತ್ತದೆ. ಮೇ ತಿಂಗಳು ಅಲ್ಲಿ ಬೆಳವಣಿಗೆಯ ಹಬ್ಬ. ನಮ್ಮಲ್ಲಿ ಮೇ ತಿಂಗಳೆಂದರೆ ಮುರಕಲ್ಲು ಕಾದು ಬಾವಿಯ ನೀರು ತಳಕ್ಕಿಳಿಯುವ ಕಾಲ. ಮಂಗಳೂರಿನಲ್ಲಿ ವರುಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವದಾದರೂ ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆಯೇ ಸುರಿದುಹೋಗುವದು. ನಮ್ಮ ಬೇಲಿಯ ವರುಷವು ಹುಟ್ಟುವದು ಆ ಮಳೆಯೊಂದಿಗೆ.

ಆದಕಾರಣ ನಾವು ಅನುಸರಿಸುವ ಕ್ರಮವು ಹೀಗಿದೆ. ಮೊದಲನೆಯ ಸವರಿಕೆಯು ಆಟಿಯ ತಿಂಗಳಲ್ಲಿ, ಜುಲಾಯಿಯ ಕಡೆಗೆ, ಮಳೆ ಎರಡು ದಿವಸ ಬಿಡುವು ಕೊಟ್ಟಾಗ. ಎಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗ ಕತ್ತರಿಸಕೂಡದು. ಒದ್ದೆಯಾದ ಗಾಯದಲ್ಲಿ ಬೂಷ್ಟು ಹತ್ತಿ ಕೊಂಬೆಯು ತುದಿಯಿಂದ ಒಣಗುತ್ತ ಬರುವದು. ಎರಡನೆಯದೇ ಮುಖ್ಯವಾದದ್ದು. ಅದು ಮಳೆಯು ಹಿಂದೆಗೆದ ಮೇಲೆ, ದಸರೆಯ ರಜೆಯ ಸುಮಾರಿಗೆ. ಆಗ ನೆಲದಲ್ಲಿ ತೇವವುಂಟು, ಆಕಾಶದಲ್ಲಿ ಬಿಸಿಲುಂಟು, ಮುಂದೆ ಗುಡುಗು ಮಳೆಯ ಭರವಸೆಯೂ ಉಂಟು. ಗಾಯವು ಬೇಗನೆ ಮಾಯುವದು. ಮೂರನೆಯದು ಕ್ರಿಸ್ಮಸ್ ರಜೆಗೆ ಮುಂಚೆ, ಕೇವಲ ಎದ್ದು ನಿಂತ ಕುಡಿಗಳನ್ನು ಸಮಮಾಡುವಷ್ಟು. ಫೆಬ್ರವರಿಯಿಂದ ಮಳೆ ಬರುವ ತನಕ ದಾರಿಗೆ ಅಡ್ಡವಾದ ಕೊಂಬೆಯ ಹೊರತು ಬೇರೇನನ್ನೂ ಮುಟ್ಟುವದಿಲ್ಲ. ಬೇಸಗೆಯಲ್ಲಿ ಹೊರಗಿನ ಎಲೆಗಳೇ ಒಳಗಿನ ಎಲೆಗಳಿಗೆ ಕೊಡೆ. ಅವುಗಳನ್ನು ತೆಗೆದರೆ ಒಳಗಿನವು ಸುಟ್ಟುಹೋಗುವವು.

ಇದು ಕರಾವಳಿಯ ಲೆಕ್ಕ. ಮದುವೆಯಾಗಿಯೋ ಉದ್ಯೋಗದ ನಿಮಿತ್ತವೋ ಗಟ್ಟದ ಮೇಲೆ ಹೋಗಿ ನೆಲಸಿದ ನಮ್ಮ ಹುಡುಗಿಯರು ಇದನ್ನೇ ಅಲ್ಲಿ ನಡಿಸಬಾರದು. ಧಾರವಾಡ, ಮೈಸೂರುಗಳಲ್ಲಿ ವರುಷದ ಮಳೆ ೮೦೦ ಮಿಲಿಮೀಟರಿನ ಆಸುಪಾಸು. ಅಲ್ಲಿ ಬೇಲಿಯು ನಿಧಾನವಾಗಿ ಬೆಳೆಯುವದರಿಂದ ಎರಡು ಸಾರಿ ಸಾಕು: ಮುಂಗಾರಿನ ಚಿಗುರು ಬಲಿತ ಮೇಲೊಮ್ಮೆ, ಹಿಂಗಾರಿನ ಸುಮಾರಿಗೆ ಇನ್ನೊಮ್ಮೆ. ಆ ಸೀಮೆಯ ಬಂದರಿಕೆಯ ಬೇಲಿಯು ಒಣಭೂಮಿಯಲ್ಲಿ ಅಷ್ಟರಿಂದಲೇ ಸೊಗಸಾಗಿ ನಿಲ್ಲುವದು. ಆಗುಂಬೆಯ ಕಡೆಯವರಿಗೆ ನಮ್ಮ ಎರಡರಷ್ಟು ಮಳೆಯಿರುವದರಿಂದ ಅವರು ನಾಲ್ಕನೆಯ ಸಾರಿ ಕತ್ತರಿಯನ್ನು ಹಿಡಿದರೆ ನಾವು ಆಕ್ಷೇಪಿಸೆವು.

ಗಿಡಕ್ಕೆ ಗಿಡಕ್ಕೆ ಭೇದವೂ ಉಂಟು. ನಮ್ಮ ಮುಂಬಾಗಿಲ ಎರಡು ಬದಿಯ ಡುರಾಂಟವು ಅಮೆರಿಕಾ ಖಂಡದ ಬಿಸಿನಾಡುಗಳಿಂದ ಬಂದ ಚುರುಕಿನ ಗಿಡ. ಅದನ್ನು ಮಾತ್ರ ಮಳೆಗಾಲದಲ್ಲಿ ಆರು ವಾರಕ್ಕೊಮ್ಮೆ ಸವರಿಸುತ್ತೇವೆ. ಅದರ ಹಳದಿ ಕಾಯಿಗಳು ನೋಟಕ್ಕೆ ಮುತ್ತಿನಂತಿದ್ದರೂ ವಿಷವಾದದ್ದರಿಂದ, ಚಿಕ್ಕ ಮಕ್ಕಳಿರುವ ಮನೆಯವರು ಕಾಯಿ ಕಟ್ಟಲು ಬಿಡದಿರುವದೇ ಲೇಸು. ಆಟದ ಬಯಲಿನ ಬದಿಯ ಕೇಪುಳಕ್ಕೂ ದಾಸವಾಳಕ್ಕೂ ಬೇರೆ ಮರ್ಯಾದೆ. ಕೇಪುಳವು ಕುಡಿಯ ತುದಿಯಲ್ಲಿಯೇ ಗೊಂಚಲು ಬಿಡುವದು. ತಿಂಗಳಿಗೊಮ್ಮೆ ಕುಡಿಯನ್ನು ಕತ್ತರಿಸುವವನಿಗೆ ಕೆಂಪು ಹೂವೂ ಇಲ್ಲ, ಮಕ್ಕಳು ಹುಡುಕಿ ತಿನ್ನುವ ಆ ಹಣ್ಣೂ ಇಲ್ಲ. ದಾಸವಾಳವು ಹೂಬಿಡುವದು ಹೊಸ ಚಿಗುರಿನಲ್ಲಿ. ಚಿಗುರಿಗೆ ಮೊಗ್ಗು ಕಟ್ಟುವಷ್ಟು ಸಮಯ ಕೊಡದಿದ್ದರೆ ಅದು ಬರೀ ಸೊಪ್ಪಿನ ಗಿಡ. ಮದರಂಗಿಯ ಪರಿಮಳದ ಹೂವಿನ ಸಂಗತಿಯೂ ಹಾಗೆಯೇ. ಹಿತ್ತಿಲ ಕಡೆಗೆ ಆಡುಸೋಗೆ ಮತ್ತು ಗೊಬ್ಬರದ ಗಿಡ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅಪವಾದವಾಗಿ ಆಡುಸೋಗೆಯನ್ನು ಆಡು ಮೂಸಿನೋಡಿ ಬಿಟ್ಟುಹೋಗುತ್ತದೆ. ಗೊಬ್ಬರದ ಗಿಡದ ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಿಸುತ್ತೇವೆ. ಕಣಗಿಲೆಯನ್ನು ಶಾಲೆಯ ಬೇಲಿಯಾಗಿ ನೆಡಲೇಬಾರದೆಂಬದು ನಮ್ಮ ದೃಢವಾದ ಮತ. ಅದರ ಎಲೆ, ಹೂವು, ಕೊಂಬೆ ಸಮಸ್ತವೂ ವಿಷ. ಅದು ಇರುವ ಮನೆಯವರು ಸವರಿದ ಕಡ್ಡಿಗಳನ್ನು ಒಲೆಗೆ ಹಾಕದಿರಲಿ, ಅದರ ಹೊಗೆಯೂ ಅಪಾಯಕರ.

ಬೇಲಿಯಲ್ಲಿ ನಮ್ಮ ಲೆಕ್ಕಕ್ಕೆ ಬಾರದ ಬಾಡಿಗೆದಾರರೂ ಇದ್ದಾರೆ. ಪಿಕಳಾರವು ಎದೆಯೆತ್ತರದ ಪೊದೆಯಲ್ಲಿ ಬಟ್ಟಲಿನಂಥ ಗೂಡು ಕಟ್ಟಿ ಎರಡು ಮೂರು ಮೊಟ್ಟೆಗಳನ್ನಿಡುವದು. ಸಿಂಪಿಗವು ಅಗಲವಾದ ಎಲೆಯ ಅಂಚುಗಳನ್ನು ಹೊಲಿದು ಅದರೊಳಗೆ ಸಂಸಾರ ಹೂಡುವದು. ಪಿಕಳಾರದ ಮೊಟ್ಟೆಯಿಂದ ಮರಿ ಹೊರಬಿದ್ದು ಹಾರಿಹೋಗುವದಕ್ಕೆ ಸುಮಾರು ನಾಲ್ಕು ವಾರ ಬೇಕು. ಹದಿನೈದು ದಿವಸಕ್ಕೊಮ್ಮೆ ಕತ್ತರಿಯಾಡುವ ಬೇಲಿಯಲ್ಲಿ ಒಂದು ಸಂಸಾರವಾದರೂ ದಡ ಸೇರುವದು ಹೇಗೆ? ಜರ್ಮನಿ ದೇಶದಲ್ಲಿ ಮಾರ್ಚ್ ೧ರಿಂದ ಸೆಪ್ಟೆಂಬರ್ ೩೦ರ ತನಕ ಬೇಲಿಯನ್ನು ಬುಡಮಟ್ಟ ಕಡಿಯಬಾರದೆಂದು ಕಾನೂನೇ ಇದೆ. ಹಗುರವಾಗಿ ಸವರಲು ಮಾತ್ರ ಅಪ್ಪಣೆ. ನಮ್ಮ ದೇಶದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಹಕ್ಕಿಗಳ ಮೊಟ್ಟೆಯನ್ನೂ ಗೂಡನ್ನೂ ಕೆಡಿಸುವದನ್ನು ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಆದಕಾರಣ ಸವರುವ ಹಿಂದಿನ ದಿನ ಎಂಟನೆಯ ತರಗತಿಯ ಮಕ್ಕಳು ಬೇಲಿಯುದ್ದಕ್ಕೂ ನೋಡಿಬಂದು, ಗೂಡಿದ್ದಲ್ಲಿ ಬಟ್ಟೆಯ ಚೂರನ್ನು ಕಟ್ಟುವ ಕ್ರಮವನ್ನಿಟ್ಟಿದ್ದೇವೆ. ಆ ಒಂದು ಮಾರು ಜಾಗವನ್ನು ಕತ್ತರಿಯು ದಾಟಿ ಹೋಗುವದು. ಪರ ಊರವರು ಬಂದು ನಮ್ಮ ಬೇಲಿಯಲ್ಲಿ ಅಲ್ಲಲ್ಲಿ ಕೆದರಿದ ತಲೆಗಳನ್ನು ಕಂಡರೆ ಅದಕ್ಕೆ ಕಾರಣವು ಸೋಮಾರಿತನವಲ್ಲವೆಂದು ತಿಳಿಯಬೇಕು.

ಸವರಲೇ ಬೇಡವೆಂಬ ಪಕ್ಷಕ್ಕೂ ಒಂದು ಮಾತು. ಬೇಲಿಯೇ ಎದ್ದು ಹೊಲವನ್ನು ಮೇಯುವದು ಗಾದೆಯಲ್ಲಿ ಮಾತ್ರವಲ್ಲ, ನಮ್ಮ ಕಾಡುಗಳಲ್ಲಿಯೂ ನಡೆದಿದೆ. ಲಾಂಟಾನವೆಂಬ ಅಮೆರಿಕಾ ಖಂಡದ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಣ್ಣಬಣ್ಣದ ಹೂವಿಗೆ ಮರುಳಾಗಿ ಜನರು ಅದನ್ನು ತೋಟಗಳಲ್ಲಿಯೂ ಬೇಲಿಗಳಲ್ಲಿಯೂ ನೆಟ್ಟರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಹರಡಿದವು. ಈ ಹೊತ್ತು ಬಂಡೀಪುರದಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಅದರ ಪೊದೆಗಳು ಹುಲ್ಲನ್ನೂ ಎಳೆ ಮರಗಳನ್ನೂ ಮುಚ್ಚಿಬಿಟ್ಟಿವೆ. ಹಲವು ವರುಷ ಕತ್ತರಿ ಕಾಣದೆ ಕೈತಪ್ಪಿದ ಮನೆಬೇಲಿಗಳನ್ನು ಹೀಗೆ ದಾರಿಗೆ ತರಬಹುದು: ಮಳೆಗಾಲ ಮುಗಿಯುತ್ತಲೇ ಒಂದು ಮಗ್ಗುಲನ್ನು ಮಾತ್ರ ಬಲವಾಗಿ ಒಳಕ್ಕೆ ಕಡಿದು, ಬುಡಕ್ಕೆ ಗೊಬ್ಬರ ಕೊಟ್ಟು, ಇನ್ನೊಂದು ಮಗ್ಗುಲನ್ನು ಮುಂದಿನ ವರುಷಕ್ಕೆ ಬಿಡಬೇಕು.

ಈಗ ಯಂತ್ರದ ಕತ್ತರಿಯ ವಿಷಯ. ಕೈಕತ್ತರಿಯಿಂದ ಮೂರು ದಿವಸ ಹಿಡಿಯುತ್ತಿದ್ದ ಕೆಲಸವನ್ನು ಪೆಟ್ರೋಲಿನ ಯಂತ್ರವು ಒಂದು ಮಧ್ಯಾಹ್ನದಲ್ಲಿ ಮುಗಿಸುವದು. ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ತೋಟದ ಆಳಿನ ಬೆನ್ನುನೋವು ಕಡಿಮೆಯಾದರೆ ಸಂತೋಷವೇ. ಆದರೆ ಕೆಲಸವು ಸುಲಭವಾದಾಗ ಬೇಡದ ಕೆಲಸವೂ ಹೆಚ್ಚುವದು ಮನುಷ್ಯ ಸ್ವಭಾವ. ತಿಂಗಳ ಗುತ್ತಿಗೆಗೆ ಬರುವವನು ಬಂದ ದಿನ ಏನನ್ನಾದರೂ ಕತ್ತರಿಸದೆ ಕೂಲಿಯನ್ನು ಕೇಳುವದು ಹೇಗೆ? ಅವನನ್ನು ನಾವು ದೂರುವದಿಲ್ಲ. ಗುತ್ತಿಗೆಯ ಕ್ರಮವೇ ತಪ್ಪು. ಸವರಿದ ಸಂಖ್ಯೆಗೆ ಕೂಲಿ ಕೊಡುವ ಬದಲಾಗಿ ಬೇಲಿಯ ಆರೈಕೆಗೆ ಕೂಲಿ ಕೊಡಬೇಕೆಂಬದು ನಮ್ಮ ಸಲಹೆ. ಬುಡದ ಕಳೆ ಕೀಳುವದು, ಕಂಡಿಯಲ್ಲಿ ಹೊಸ ಗಿಡ ನೆಡುವದು, ಬೇಸಗೆಯಲ್ಲಿ ತರಗೆಲೆ ಹೊದಿಸುವದು, ಇವೂ ಆರೈಕೆಯೇ.

ಕಡೆಗೆ, ಎಲ್ಲಕ್ಕಿಂತಲೂ ಮುಖ್ಯವಾದ ಎತ್ತರದ ಪ್ರಶ್ನೆ. ಎಂಟು ಅಡಿಯ ಬೇಲಿಯನ್ನು ಬಯಸುವ ತಾಯಿಯರ ಮನಸ್ಸನ್ನು ನಾವು ಬಲ್ಲೆವು. ಬೀದಿಯಲ್ಲಿ ನಿಂತು ನೋಡುವವರ ಉಪದ್ರವವು ಕಲ್ಪನೆಯಲ್ಲ. ಆದರೆ ಮರೆಯೆಂಬದು ಒಳಗಿನವರಿಗೆ ಮಾತ್ರ ಮರೆಯಲ್ಲ. ಕೇಡನ್ನು ಯೋಚಿಸಿ ಹೊಂಚುವವನಿಗೂ ಅದೇ ಮರೆ. ಸಾಯಂಕಾಲ ಬಸ್ಸಿಗಾಗಿ ಕಾಯುವ ಹುಡುಗಿಯು ಎತ್ತರದ ಬೇಲಿಯ ಹೊರಗೆ ನಿಂತರೆ ಆಕೆಯು ಕಾವಲುಗಾರನಿಗೂ ಕಾಣಳು, ಶಿಕ್ಷಕಿಯರ ಕೋಣೆಗೂ ಕಾಣಳು. ನಾಲ್ಕು ಅಡಿಯ ಬೇಲಿಯ ಮೇಲಿಂದ ನಮ್ಮ ಕಣ್ಣು ಬೀದಿಯ ಮೇಲಿರುವದು; ಎದುರಿನ ಅಂಗಡಿಯವರ ಕಣ್ಣೂ, ದಾರಿಹೋಕರ ಕಣ್ಣೂ ನಮ್ಮ ಬಯಲಿನ ಮೇಲಿರುವದು. ಹತ್ತು ಸಜ್ಜನರ ಕಣ್ಣು ಒಂದು ಗೋಡೆಗಿಂತ ಗಟ್ಟಿಯಾದ ಕಾವಲು. ಗೋಡೆಯನ್ನು ಬಯಸುವವರಿಗೂ ಇದೇ ಉತ್ತರ. ಗೋಡೆಗೆ ವೆಚ್ಚವಾಗುವ ಹಣದಿಂದ ಬೀದಿಯ ಬದಿಗೆ ಎರಡು ದೀಪಗಳನ್ನು ಹಾಕಿಸಿ, ಬಸ್ಸು ನಿಲ್ಲುವಲ್ಲಿ ಒಂದು ಚಾವಡಿಯನ್ನು ಕಟ್ಟಿಸಿದರೆ ಮಕ್ಕಳಿಗೆ ಹೆಚ್ಚಿನ ಉಪಕಾರವಾದೀತು. ಅಲ್ಲದೆ ಆಡುವ, ಓಡುವ, ನಗುವ ಹುಡುಗಿಯರು ಬೀದಿಗೆ ಕಾಣಿಸುವದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ನಾಚಿಕೆಯು ಕೆಟ್ಟ ದೃಷ್ಟಿಯಿಂದ ನೋಡುವವನ ಪಾಲಿಗಿರಲಿ.

ಇಷ್ಟು ಓದಿದವರು, ಬೇಲಿಗೆ ಹೇಳಿದ್ದನ್ನು ನಾವು ಈಗ ಮಕ್ಕಳಿಗೆ ಅನ್ವಯಿಸಿ ಉಪದೇಶ ಮಾಡುವೆವೆಂದು ಕಾದಿರಬಹುದು. ಆ ಹೋಲಿಕೆಯು ಎಷ್ಟು ಹಳೆಯದಾದರೂ ನಮಗೆ ಒಪ್ಪಿಗೆಯಿಲ್ಲ. ಬೇಲಿಯ ಗಿಡಗಳನ್ನೆಲ್ಲ ಒಂದೇ ಎತ್ತರಕ್ಕೆ ತರುವದು ತೋಟಗಾರನ ಕೆಲಸ. ಮಕ್ಕಳನ್ನೆಲ್ಲ ಒಂದೇ ಎತ್ತರಕ್ಕೆ ತರುವದು ಯಾವ ಶಿಕ್ಷಕಿಯ ಕೆಲಸವೂ ಅಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಗೋಡೆಯ ವಿಷಯವು ನಿರ್ಣಯಕ್ಕೆ ಬರಲಿದೆ. ಮತ ಕೊಡುವ ಮೊದಲು ಎಲ್ಲರೂ ಒಂದು ಸಾಯಂಕಾಲ, ಶಾಲೆ ಬಿಡುವ ಹೊತ್ತಿಗೆ ಬಂದು, ಬೇಲಿಯ ಒಳಗಿನಿಂದಲೊಮ್ಮೆ ಬೀದಿಯನ್ನೂ ಬೀದಿಯಿಂದಲೊಮ್ಮೆ ಶಾಲೆಯನ್ನೂ ನೋಡಬೇಕೆಂದು ನಮ್ಮ ವಿನಂತಿ. ದಾಸವಾಳದ ಅಥವಾ ಗೊಬ್ಬರದ ಗಿಡದ ಕಡ್ಡಿಗಳು ಬೇಕಾದ ಹಳೆವಿದ್ಯಾರ್ಥಿನಿಯರು ಮೊದಲ ಮಳೆ ಬಿದ್ದ ವಾರದಲ್ಲಿ ಬಂದರೆ, ಒಂದು ಗೇಣಿನ ಬಲಿತ ಕಡ್ಡಿಗಳನ್ನು ಕತ್ತರಿಸಿ ಕೊಡಲು ತೋಟದವರಿಗೆ ಹೇಳಿಟ್ಟಿದ್ದೇವೆ. ಚೀಲವನ್ನು ಮಾತ್ರ ತಾವೇ ತರಬೇಕು.